ಡ್ರಾಯರ್‌ನಲ್ಲಿರುವ ಹಾಜರಿ ಪುಸ್ತಕ

ಕೇಳುಗರಿಗೆಲ್ಲ ನಮಸ್ಕಾರ.

ಶಾಲೆಗೆ ಹೊಸದೊಂದು ಸಾಫ್ಟ್‌ವೇರ್ ಬರುತ್ತದೆ. ಹಾಜರಿ, ಅಂಕ, ಶುಲ್ಕ, ವೇಳಾಪಟ್ಟಿ, ಎಲ್ಲವೂ ಅದರಲ್ಲೇ. ಒಂದು ದಿನ ತರಬೇತಿ ಆಗುತ್ತದೆ, ಎಲ್ಲರಿಗೂ ಪಾಸ್‌ವರ್ಡ್ ಸಿಗುತ್ತದೆ. ವರ್ಷ ಕಳೆದ ಮೇಲೆ ಮೇಲಿನವರು ಕೇಳುತ್ತಾರೆ, "ಎಲ್ಲರೂ ಬಳಸ್ತಿದ್ದಾರಾ?" ವರದಿ ತೆಗೆದರೆ ಒಬ್ಬರೂ ಬಿಡದೆ ಲಾಗಿನ್ ಆಗಿದ್ದಾರೆ. ಅಲ್ಲಿಗೆ ಯೋಜನೆ ಗೆದ್ದಿತು.

ನನಗೆ ಅನುಮಾನ ಶುರುವಾಗುವುದೇ ಅಲ್ಲಿ. ಬೇರೆ ದಾರಿಯೇ ಇಲ್ಲದಿದ್ದರೆ ಬಳಸದೆ ಏನು ಮಾಡ್ತಾರೆ? ಬಳಸುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ ಅಲ್ವಾ?

ಒಬ್ಬ ಟೀಚರ್ ದಿನ ಹೇಗಿರುತ್ತದೆ ನೋಡೋಣ. ತರಗತಿಗೆ ಬಂದು ಹಾಜರಿ ಪುಸ್ತಕ ತೆರೆಯುತ್ತಾರೆ. ಹೆಸರು ಕರೆಯುತ್ತಾ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಎರಡೇ ನಿಮಿಷ. ಮಧ್ಯಾಹ್ನ ಸ್ಟಾಫ್ ರೂಮಿನ ಒಂದೇ ಒಂದು ಕಂಪ್ಯೂಟರ್ ಮುಂದೆ ಸರದಿ ಕಾಯುತ್ತಾರೆ. ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಅದೇ ಹೆಸರು, ಅದೇ ಗುರುತು ಮತ್ತೊಮ್ಮೆ. ನಡುವೆ ನೆಟ್ ಹೋದರೆ ಮೊದಲಿನಿಂದ. ಪುಸ್ತಕ ಬಿಟ್ಟುಬಿಡಿ ಅಂದರೆ, "ಇರ್ಲಿ, ಯಾವುದಕ್ಕೂ ಒಂದು ಕೈಯಲ್ಲಿರಲಿ" ಅನ್ನುತ್ತಾರೆ. ಆಮೇಲೆ ಅದು ಡ್ರಾಯರ್ ಸೇರುತ್ತದೆ. ಲಾಗಿನ್ ವರದಿಗೆ ಈ ಡ್ರಾಯರ್ ಕಾಣುವುದಿಲ್ಲ.

ಒಪ್ಪಿಗೆ ಅಳೆಯುವುದಕ್ಕೆ ಅಳತೆಗೋಲು ಇಲ್ಲ ಅಂತಲ್ಲ. ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ಟೆಕ್ನಾಲಜಿ ಆಕ್ಸೆಪ್ಟೆನ್ಸ್ ಮಾಡೆಲ್, ಅಂದರೆ ಹೊಸ ತಂತ್ರಜ್ಞಾನವನ್ನು ಜನ ಒಪ್ಪುತ್ತಾರಾ ಅಂತ ನೋಡುವ ಮಾದರಿ, ಇವತ್ತಿಗೂ ಚಾಲ್ತಿಯಲ್ಲಿದೆ. ಅದು ಕೇಳುವುದು ಎರಡೇ ವಿಷಯ. ಇದರಿಂದ ನನ್ನ ಕೆಲಸಕ್ಕೆ ಉಪಯೋಗ ಇದೆಯಾ? ಇದನ್ನು ಬಳಸುವುದು ಸುಲಭವಾ? ಒಂದೊಂದಕ್ಕೂ 6 ಹೇಳಿಕೆಗಳು, ಉತ್ತರಕ್ಕೆ 7 ಮೆಟ್ಟಿಲು. ಡೇವಿಸ್ 152 ಜನರನ್ನು ಕೇಳಿ ನೋಡಿದಾಗ, ಬಳಕೆಯ ಜೊತೆ ಉಪಯೋಗಕ್ಕಿದ್ದ ನಂಟು ಸುಲಭತೆಗಿಂತ ಗಟ್ಟಿಯಾಗಿತ್ತು. ಶಾಲೆಯಲ್ಲೂ ನೋಡಿ. ಹಾಜರಿ ಪುಟ ತೆರೆಯಲು ಗೊಣಗುವ ಟೀಚರೇ ಅಂಕಪಟ್ಟಿಯ ಪುಟಕ್ಕೆ ತಾವಾಗಿಯೇ ಹೋಗುತ್ತಾರೆ. ಆ ಪುಟ ಇನ್ನೂ ಕಷ್ಟದ್ದು. ಆದರೆ ಒಟ್ಟು ಕೂಡುವುದು, ಶೇಕಡಾ ತೆಗೆಯುವುದು ತಪ್ಪಿತಲ್ಲ, ಅಷ್ಟು ಸಾಕು.

ಇಲ್ಲೊಂದು ತೊಡಕಿದೆ. ಉಪಯೋಗ ಯಾರಿಗೆ? ಮುಖ್ಯೋಪಾಧ್ಯಾಯರಿಗೆ ಒಂದು ಗುಂಡಿ ಒತ್ತಿದರೆ ಇಡೀ ಶಾಲೆಯ ಲೆಕ್ಕ ಸಿಗುತ್ತದೆ. ಟೀಚರಿಗೆ ಸಿಗುವುದು ಟೈಪಿಂಗ್. ಅವರು 7 ಕೊಡುತ್ತಾರೆ, ಇವರು 1 ಕೊಡುತ್ತಾರೆ. ಸರಾಸರಿ ತೆಗೆದರೆ 4, ಅಂದರೆ "ಪರವಾಗಿಲ್ಲ". ಪರವಾಗಿಲ್ಲ ಅಂತ ಇಬ್ಬರಲ್ಲಿ ಯಾರೂ ಹೇಳಿರಲಿಲ್ಲ! ಗುಮಾಸ್ತರು, ಶಿಕ್ಷಕರು, ಮುಖ್ಯಸ್ಥರು, ಪೋಷಕರು, ಇವರ ಉತ್ತರಗಳನ್ನು ಒಂದೇ ಪಾತ್ರೆಗೆ ಸುರಿದರೆ ಯಾರ ರುಚಿಯೂ ತಿಳಿಯುವುದಿಲ್ಲ.

2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು ಹಿಂದಿನ 8 ಮಾದರಿಗಳನ್ನು ಸೇರಿಸಿ ಇನ್ನೊಂದನ್ನು ಕಟ್ಟಿದರು. ಡೇವಿಸ್ ಕೂಡ ಅದರಲ್ಲಿದ್ದರು. ಉಪಯೋಗ, ಸುಲಭತೆಗೆ ಹತ್ತಿರದ ಎರಡು ಅಂಶಗಳ ಜೊತೆ ಸುತ್ತಲಿನವರ ಒತ್ತಡವನ್ನೂ ಬಳಸುವುದಕ್ಕೆ ಸಿಗುವ ನೆರವು, ಸೌಕರ್ಯವನ್ನೂ ಲೆಕ್ಕಕ್ಕೆ ತಂದರು. ಬಳಕೆ ಕಡ್ಡಾಯ ಇದ್ದಲ್ಲಿ, ಅದರಲ್ಲೂ ಶುರುವಿನಲ್ಲಿ, ಸುತ್ತಲಿನವರ ಒತ್ತಡ ಕೆಲಸ ಮಾಡುತ್ತದೆ. ಅನುಭವ ಬಂದಂತೆ ಅದರ ಬಲ ಇಳಿಯುತ್ತದೆ ಅಂತ ಅವರಿಗೆ ಕಂಡಿತು. ಹಾಗಾಗಿ ಮೊದಲ ತಿಂಗಳಲ್ಲೇ ಸಮೀಕ್ಷೆ ಮುಗಿಸಿ ಕೈ ತೊಳೆದುಕೊಂಡರೆ ಸಿಗುವುದು ಬರೀ ಮುಲಾಜಿನ ಉತ್ತರ. ಪರೀಕ್ಷೆಯ ಗಡಿಬಿಡಿ ಕಳೆದ ಮೇಲೆ ಇನ್ನೊಮ್ಮೆ ಕೇಳಬೇಕು.

ಯಾರು ಕೇಳುತ್ತಾರೆ ಅನ್ನುವುದೂ ಮುಖ್ಯ. ಮುಖ್ಯೋಪಾಧ್ಯಾಯರೇ ಫಾರಂ ಹಂಚಿ, ಮೇಲೆ ಹೆಸರು ಬರೆಯಿರಿ ಅಂದರೆ ಯಾರು 2 ಹಾಕ್ತಾರೆ ಹೇಳಿ? ಎಲ್ಲ 6, 7ರಲ್ಲೇ ಇರುತ್ತವೆ. ಹೆಸರು ಬೇಡ, ಹೊರಗಿನವರೊಬ್ಬರು ಕೇಳಲಿ.

ಹೇಳಿದ ಮಾತಿನ ಜೊತೆ ಮಾಡಿದ ಕೆಲಸವನ್ನೂ ನೋಡಿ. ಲಾಗಿನ್ ಎಷ್ಟು ಅಂತಲ್ಲ, ಯಾವಾಗ ಅಂತ. ಸೋಮವಾರದ ಹಾಜರಿ ಸೋಮವಾರವೇ ಕೂತಿದೆಯಾ? ಇಲ್ಲ, ತಿಂಗಳ ಕೊನೆಯ ಸಂಜೆ ನಾಲ್ಕರಿಂದ ಐದರೊಳಗೆ ಇಡೀ ತಿಂಗಳ ಹಾಜರಿ ಒಟ್ಟಿಗೆ ಬಂದು ಬಿದ್ದಿದೆಯಾ? ಹಾಗಿದ್ದರೆ, ಮಗು ಬಂದಿಲ್ಲ ಅಂತ ಮನೆಗೆ ಅದೇ ದಿನ ತಿಳಿಸುವುದಕ್ಕೆ ಅಂತಲೇ ಮಾಡಿದ ಸಂದೇಶ ಹೋಗುವುದು ಯಾವತ್ತು?

ಇಷ್ಟೆಲ್ಲ ಆದ ಮೇಲೆ ಒಮ್ಮೆ ಸ್ಟಾಫ್ ರೂಮಿಗೆ ಹೋಗಿ. ಅಲ್ಲಿ ಟೀಚರಿಗೆ ಹೇಳಿ ಆ ಡ್ರಾಯರ್ ತೆಗೆಸಿ. ಹಾಜರಿ ಪುಸ್ತಕದಲ್ಲಿ ಪೆನ್ನಿನ ಕೊನೆಯ ಗುರುತು ಯಾವ ತಾರೀಖಿನದು ಅಂತ ನೋಡಿ. ಅದು ಇವತ್ತಿನದೇ ಆಗಿದ್ದರೆ, ಯಾಕೆ ಅಂತ ಕೇಳಿ, ಅವರು ಹೇಳುವುದನ್ನು ಪೂರ್ತಿ ಬರೆದುಕೊಳ್ಳಿ.

ನಮಸ್ಕಾರ.