ಗಿರಾಕಿ ಇರುವಲ್ಲಿಗೆ ಅಂಗಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಧ್ಯಾಹ್ನದ ಈ ಹೊತ್ತಿನಲ್ಲಿ ರೇಡಿಯೊ ಕೇಳುತ್ತ ಕೂತವರಲ್ಲಿ ಅಂಗಡಿಯವರು ಬಹಳ ಜನ ಇರುತ್ತೀರಿ ಅಂತ ನನ್ನ ಅಂದಾಜು. ಊಟದ ಹೊತ್ತು ಕಳೆದಿದೆ, ಗಿರಾಕಿಗಳಿಲ್ಲ, ನೀವು ಗಲ್ಲಾದ ಹಿಂದೆ ಕೂತಿದ್ದೀರಿ. ಬೆಳಗ್ಗೆ ಬಿಚ್ಚಿ ತೋರಿಸಿದ ಸೀರೆಗಳನ್ನು ಹುಡುಗರು ಮಡಚಿ ಕಪಾಟಿಗೆ ಸೇರಿಸುತ್ತಿದ್ದಾರೆ. ನಾನು ಇವತ್ತು ಮುಖ್ಯವಾಗಿ ನಿಮ್ಮ ಹತ್ತಿರವೇ ಮಾತಾಡುತ್ತೇನೆ.

ನನಗೆ ಕೊಟ್ಟಿರುವ ವಿಷಯ, ದೊಡ್ಡ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳು ಯಾಕೆ ಮುಚ್ಚುತ್ತಿವೆ ಅನ್ನುವುದು. ಒಂದೇ ಕಟ್ಟಡದಲ್ಲಿ ಕೆಳಗೆ ಸೆಂಟು, ಪೌಡರು. ಒಂದು ಮಹಡಿಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಪಾತ್ರೆ, ಅದರ ಮೇಲೆ ಮಂಚ, ಮೇಜು. ಆ ನಮೂನೆಯ ಮಳಿಗೆಗಳು. 1852ರಲ್ಲಿ ಪ್ಯಾರಿಸ್ಸಿನ ‘ಬೊನ್ ಮಾರ್ಶೆ’ ಅಂಗಡಿಗೆ ಪಾಲುದಾರನಾಗಿ ಸೇರಿದ ಅರಿಸ್ಟಿಡ್ ಬೂಸಿಕೊ ಎಂಬಾತ ಈ ವ್ಯಾಪಾರಕ್ಕೆ ಒಂದು ರೂಪ ಕೊಟ್ಟ. ಚೀಟಿಯ ಮೇಲೆ ಬೆಲೆ, ಎಲ್ಲರಿಗೂ ಒಂದೇ ಬೆಲೆ, ಕೊಳ್ಳದಿದ್ದರೂ ಒಳಗೆ ಬಂದು ನೋಡಬಹುದು, ಹಿಡಿಸದಿದ್ದರೆ ವಾಪಸ್ ಕೊಡಬಹುದು. ನಮಗೆ ಇವತ್ತು ಇದರಲ್ಲೇನೂ ವಿಶೇಷ ಕಾಣುವುದಿಲ್ಲ. ಆ ಕಾಲದ ಗಿರಾಕಿಗೆ ಅದು ದೊಡ್ಡ ಮರ್ಯಾದೆ.

ಅಂಥ ಮಳಿಗೆಗಳು ಈಗ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಕೆನಡಾದ ಹಡ್ಸನ್ಸ್ ಬೇ ಕಂಪನಿ 1670ರಲ್ಲಿ ತುಪ್ಪಳದ ವ್ಯಾಪಾರಕ್ಕೆಂದು ಹುಟ್ಟಿದ್ದು. ಅದರ ಕೊನೆಯ ಮಳಿಗೆಗಳು 2025ರ ಜೂನ್ 1ರಂದು ಮುಚ್ಚಿದವು. ಇಂಗ್ಲೆಂಡಿನ ಡೆಬೆನ್ಹಮ್ಸ್ 1778ರದ್ದು, 2021ರಲ್ಲಿ ಮುಚ್ಚಿತು. ಜಪಾನಿನ ಯಮಗಾಟ ಪ್ರಾಂತ್ಯದಲ್ಲಿ ಒನುಮಾ ಎಂಬ ಮಳಿಗೆ ಇತ್ತು, 1700ರಲ್ಲಿ ಶುರುವಾದದ್ದು. 2020ರ ಜನವರಿಯಲ್ಲಿ ಅದು ದಿವಾಳಿಯಾದ ಮೇಲೆ ಇಡೀ ಪ್ರಾಂತ್ಯದಲ್ಲಿ ಒಂದೂ ಡಿಪಾರ್ಟ್‌ಮೆಂಟ್ ಸ್ಟೋರ್ ಉಳಿಯಲಿಲ್ಲ.

ಇದನ್ನು ಹೇಳಿದ ಕೂಡಲೇ ನಮ್ಮ ವ್ಯಾಪಾರಿ ಬಂಧುಗಳು ಒಂದೇ ಮಾತು ಹೇಳುತ್ತಾರೆ: “ಮೊಬೈಲ್ ಬಂತು ಸಾರ್, ಎಲ್ಲರನ್ನೂ ಮುಳುಗಿಸಿತು.” ಈ ಮಾತನ್ನು ನಾನು ಎಷ್ಟು ಸಭೆಗಳಲ್ಲಿ ಕೇಳಿದ್ದೇನೋ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ, ನಾನು ಇದನ್ನು ಒಪ್ಪುವುದಿಲ್ಲ. ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ, ಈ ಕಾಲುಗಂಟೆಯಲ್ಲಿ ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ: ಗಿರಾಕಿ ಎಲ್ಲಿದ್ದಾನೋ ಅಲ್ಲಿಗೆ ಅಂಗಡಿ ಹೋಗಬೇಕು. ನಮ್ಮ ಬಳೆಗಾರ ಮಲಾರ ಹೊತ್ತುಕೊಂಡು ಹೋಗುತ್ತಿದ್ದ ಹಾಗೆ. ಯಾವ ಮನೆಯಲ್ಲಿ ಮದುವೆ, ಯಾವ ಮನೆಯಲ್ಲಿ ಸೀಮಂತ ಅಂತ ಅವನಿಗೆ ಗೊತ್ತಿರುತ್ತಿತ್ತು. ಹೆಣ್ಣುಮಕ್ಕಳು ತನ್ನನ್ನು ಹುಡುಕಿಕೊಂಡು ಬರಲಿ ಅಂತ ಅವನು ಕಾದು ಕೂರಲಿಲ್ಲ.

ಇದಕ್ಕೆ ಅಮೆರಿಕದ ಸಿಯರ್ಸ್ ಕಂಪನಿಯ ಕಥೆ ಹೇಳಬೇಕು. ನನಗೆ ತುಂಬ ಇಷ್ಟವಾದ ಕಥೆ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

1886ನೇ ಇಸವಿ. ಮಿನೆಸೋಟ ರಾಜ್ಯದ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ರಿಚರ್ಡ್ ಸಿಯರ್ಸ್ ಎಂಬ ಹುಡುಗ ಏಜೆಂಟನಾಗಿದ್ದ. ಊರಿನ ಒಡವೆ ಅಂಗಡಿಯವನ ಹೆಸರಿಗೆ ಒಂದು ಪೆಟ್ಟಿಗೆ ಗಡಿಯಾರ ಬಂತು. ಅಂಗಡಿಯವನು ಬೇಡ ಅಂದ. ಸಿಯರ್ಸ್ ಅದನ್ನು ತಾನೇ ಕೊಂಡುಕೊಂಡು ರೈಲುಮಾರ್ಗದ ಉಳಿದ ಏಜೆಂಟರಿಗೆ ಮಾರಿದ. ಲಾಭ ಬಂತು. ಮುಂದೆ ಷಿಕಾಗೋಗೆ ಹೋದ, ಆಲ್ವಾ ರೋಬಕ್ ಎಂಬ ಗಡಿಯಾರ ರಿಪೇರಿಯವನನ್ನು ಜೊತೆಗೆ ಹಾಕಿಕೊಂಡ. ಆಮೇಲೆ ಒಂದು ಪುಸ್ತಕ ಅಚ್ಚು ಹಾಕಿಸಿದ, ಸಾಮಾನಿನ ಚಿತ್ರ ಮತ್ತು ಬೆಲೆ ಇರುವ ಪುಸ್ತಕ. ಅದನ್ನು ಅಂಚೆಯಲ್ಲಿ ರೈತರ ಮನೆಗಳಿಗೆ ಕಳಿಸಿದ.

ಆಗಿನ ಅಮೆರಿಕದ ರೈತನ ಪರಿಸ್ಥಿತಿ ನೋಡಿ. ಮೈಲುಗಟ್ಟಲೆ ದೂರದಲ್ಲಿ ಒಂದೇ ಅಂಗಡಿ. ಸಾಮಾನೆಲ್ಲ ಅಂಗಡಿಯವನ ಬೆನ್ನ ಹಿಂದೆ. ಅವನು ಹೇಳಿದ್ದೇ ಬೆಲೆ. ಉದ್ರಿ ಬೇಕಾದರೆ ಖಾತೆಯಲ್ಲಿ ಅವನು ಬರೆದದ್ದೇ ಲೆಕ್ಕ, ಸುಗ್ಗಿ ಬಂದಾಗ ತೀರಿಸಬೇಕು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಪಾಡು ಇನ್ನೂ ಕಷ್ಟ. ಬಿಳಿಯರೆಲ್ಲರ ವ್ಯಾಪಾರ ಮುಗಿಯುವ ತನಕ ಮೂಲೆಯಲ್ಲಿ ನಿಂತು ಕಾಯಬೇಕು, ಉಳಿದ ಕಳಪೆ ಮಾಲನ್ನು ತೆಗೆದುಕೊಂಡು ಹೋಗಬೇಕು. ಅಂಥವರ ಮನೆಗೆ ಈ ಪುಸ್ತಕ ಬಂತು. ಒಳಗೆ ಹೊಲಿಗೆ ಯಂತ್ರ, ಕೋಟು, ನೇಗಿಲು, ಪಿಟೀಲು, ಒಲೆ. ಬೆಲೆ ಅಚ್ಚಾಗಿದೆ, ಎಲ್ಲರಿಗೂ ಅದೇ ಬೆಲೆ. ಹಿಡಿಸದಿದ್ದರೆ ಹಣ ವಾಪಸ್. ಕೊಳ್ಳುವವನ ಮೈಬಣ್ಣ ಯಾವುದು ಅಂತ ಷಿಕಾಗೋದಲ್ಲಿ ಕಾಗದ ಒಡೆಯುವ ಗುಮಾಸ್ತನಿಗೆ ಗೊತ್ತಾಗುವ ಹಾಗೇ ಇಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸುತ್ತದೆ. ನಿಮಗೆ ಬರುವ ಯಾವ ಭಾಷೆಯಲ್ಲಾದರೂ ಬರೆಯಿರಿ, ಅಕ್ಷರ ಚೆನ್ನಾಗಿಲ್ಲದಿದ್ದರೂ ಚಿಂತೆಯಿಲ್ಲ, ಸಾಮಾನು ಕಳಿಸುತ್ತೇವೆ ಎಂಬ ಅರ್ಥದ ಮಾತನ್ನು ಪುಸ್ತಕದಲ್ಲೇ ಅಚ್ಚು ಹಾಕಿಸಿದ್ದರು. ಜರ್ಮನಿಯಿಂದಲೋ ಸ್ವೀಡನ್ನಿನಿಂದಲೋ ಬಂದು ಹೊಲ ಹಿಡಿದ, ಇಂಗ್ಲಿಷು ಸರಿಯಾಗಿ ಬರೆಯಲು ಬಾರದ ರೈತನಿಗೆ ಎಷ್ಟು ಧೈರ್ಯ ಬಂದಿರಬೇಕು, ಯೋಚಿಸಿ. ಅಂಗಡಿ ಅವನ ಮನೆಗೂ ಹೋಯಿತು, ಅವನ ಭಾಷೆಗೂ ಹೋಯಿತು.

1896ರಿಂದ ಅಮೆರಿಕದ ಅಂಚೆ ಇಲಾಖೆ ಹಳ್ಳಿಯ ಮನೆಬಾಗಿಲಿಗೇ ಕಾಗದ ತಲುಪಿಸಲು ಶುರುಮಾಡಿತು. 1913ರಲ್ಲಿ ಪಾರ್ಸೆಲ್ಲೂ ಬಂತು. ಸಿಯರ್ಸ್ ವ್ಯಾಪಾರ ಹಿಗ್ಗುತ್ತಲೇ ಹೋಯಿತು. ಕೊನೆಗೆ ಮನೆಗಳನ್ನೂ ಅಂಚೆಯ ಆರ್ಡರಿನ ಮೇಲೆ ಮಾರಿದರು! ಮನೆಯ ನಕ್ಷೆಯನ್ನಲ್ಲ, ಮನೆಯನ್ನೇ. 1908ರಿಂದ 1940ರವರೆಗೆ 70,000ಕ್ಕೂ ಹೆಚ್ಚು ಮನೆಗಳು ಹೀಗೆ ಹೋದವು. ರೈಲಿನ ಗೂಡ್ಸ್ ಡಬ್ಬಿಯಲ್ಲಿ ಅಳತೆಗೆ ಕೊಯ್ದ ತೊಲೆ, ಹಲಗೆ, ಬಾಗಿಲು, ಕಿಟಕಿ, ಮೊಳೆ, ಬಣ್ಣ. ಒಂದು ಮನೆಗೆ ಸಾವಿರಾರು ಬಿಡಿಭಾಗಗಳು. ಮರದ ತುಂಡುಗಳ ಮೇಲೆ ಸಂಖ್ಯೆ, ಯಾವುದರ ಪಕ್ಕಕ್ಕೆ ಯಾವುದು ಅಂತ ತಿಳಿಸುವ ಕೈಪಿಡಿ ಜೊತೆಗೆ. ನೆರೆಹೊರೆಯವರನ್ನು ಸೇರಿಸಿಕೊಂಡು ಮನೆಯವರೇ ಕಟ್ಟಿಕೊಳ್ಳುತ್ತಿದ್ದರು. ಇದಕ್ಕಿಂತ ಹೆಚ್ಚಾಗಿ ಒಂದು ಅಂಗಡಿ ಗಿರಾಕಿಯ ಬದುಕಿನೊಳಕ್ಕೆ ಹೋಗಲು ಸಾಧ್ಯವೇ?

ಆ ಕಂಪನಿಯನ್ನು ಬೆಳೆಸಿದ ಜೂಲಿಯಸ್ ರೋಸನ್‌ವಾಲ್ಡ್ ಎಂಬವರು ದಕ್ಷಿಣದ ಕಪ್ಪು ಮಕ್ಕಳಿಗಾಗಿ ಸುಮಾರು 5,000 ಶಾಲೆಗಳನ್ನು ಕಟ್ಟಲು ನೆರವು ಕೊಟ್ಟರು. ಅದರ ಬಗ್ಗೆಯೇ ಒಂದು ಇಡೀ ಭಾಷಣ ಮಾಡಬಹುದು. ಇವತ್ತು ಹೊತ್ತಿಲ್ಲ.

ಕಥೆಯ ಎರಡನೇ ಭಾಗಕ್ಕೆ ಬರೋಣ. 1920ರ ದಶಕದಲ್ಲಿ ರೈತರ ಮನೆಗೆ ಫೋರ್ಡ್ ಕಾರು ಬಂತು, ಜನ ಹಳ್ಳಿ ಬಿಟ್ಟು ಪಟ್ಟಣ ಸೇರತೊಡಗಿದರು. ಸಿಯರ್ಸ್‌ನಲ್ಲಿ ರಾಬರ್ಟ್ ವುಡ್ ಅಂತ ಒಬ್ಬರು, ಹಿಂದೆ ಸೈನ್ಯದಲ್ಲಿದ್ದವರು. ಜನಗಣತಿಯಂಥ ಸರ್ಕಾರಿ ಅಂಕಿಅಂಶಗಳ ಪುಸ್ತಕವನ್ನು ಆಸೆಯಿಂದ ಓದುವ ಮನುಷ್ಯ. ಜನ ಎತ್ತ ಹೊರಟಿದ್ದಾರೆ ಅಂತ ಅವರಿಗೆ ಅದರಲ್ಲಿ ಕಂಡಿತು. ಅಂಚೆಯ ವ್ಯಾಪಾರ ಅಷ್ಟು ಚೆನ್ನಾಗಿ ನಡೆಯುತ್ತಿರುವಾಗಲೇ 1925ರಲ್ಲಿ ಮೊದಲ ಮಳಿಗೆ ತೆರೆಸಿದರು. ಆಮೇಲೆ ಊರಿನ ಅಂಚುಗಳಲ್ಲಿ, ಕಾರು ನಿಲ್ಲಿಸಲು ಜಾಗವಿರುವ ಕಡೆಗಳಲ್ಲಿ ಮಳಿಗೆಗಳು ಎದ್ದವು. ಕೆಲವೇ ವರ್ಷಗಳಲ್ಲಿ ಮಳಿಗೆಯ ವ್ಯಾಪಾರ ಅಂಚೆಯ ವ್ಯಾಪಾರವನ್ನು ಮೀರಿಸಿತು. ಗಿರಾಕಿ ಜಾಗ ಬದಲಿಸಿದ, ಅಂಗಡಿಯೂ ಹಿಂದೆಯೇ ಹೋಯಿತು. ಇನ್ನೇನು ಬೇಕು?

1970ರ ದಶಕದಲ್ಲಿ ಅದೇ ಕಂಪನಿ ಷಿಕಾಗೋದಲ್ಲಿ 110 ಮಹಡಿಯ ಕಟ್ಟಡ ಎಬ್ಬಿಸಿತು, ಆಗ ಜಗತ್ತಿನಲ್ಲೇ ಎತ್ತರದ್ದು. 1981ರಲ್ಲಿ ಒಂದು ಷೇರು ದಲ್ಲಾಳಿ ಕಂಪನಿಯನ್ನೂ ಮನೆ-ಜಮೀನು ಮಾರುವ ಕಂಪನಿಯನ್ನೂ ಕೊಂಡಿತು. ನಾಲ್ಕು ವರ್ಷದ ಮೇಲೆ ಕ್ರೆಡಿಟ್ ಕಾರ್ಡ್ ಹೊರತಂದಿತು. ಗಮನ ಎಲ್ಲೆಲ್ಲಿಗೋ ಹೋಯಿತು, ಗಿರಾಕಿಯ ಮೇಲೆ ಮಾತ್ರ ಉಳಿಯಲಿಲ್ಲ. ಅದೇ ಕಾಲದಲ್ಲಿ ಆರ್ಕನ್ಸಾ ರಾಜ್ಯದ ವಾಲ್‌ಮಾರ್ಟ್ ಸಣ್ಣ ಸಣ್ಣ ಊರುಗಳನ್ನು ಹುಡುಕಿ ಹುಡುಕಿ ಅಂಗಡಿ ಹಾಕುತ್ತಿತ್ತು. ಯಾರ ಅಜ್ಜ-ಅಜ್ಜಿ ಸಿಯರ್ಸ್ ಪುಸ್ತಕ ನೋಡಿ ಹೊಲಿಗೆ ಯಂತ್ರ ತರಿಸಿದ್ದರೋ ಆ ಊರುಗಳಿಗೇ!

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. 1993ರಲ್ಲಿ ಸಿಯರ್ಸ್ ತನ್ನ ದೊಡ್ಡ ಪುಸ್ತಕವನ್ನು ನಿಲ್ಲಿಸಿತು. ನಷ್ಟ ಅಂದರು. 1994ರಲ್ಲಿ ಅಮೆಜಾನ್ ಹುಟ್ಟಿತು. ಒಂದು ವರ್ಷದ ಅಂತರ! ಮನೆಮನೆಯ ವಿಳಾಸ, ಗೋದಾಮು, ಪಾರ್ಸೆಲ್ ಕಳಿಸುವ ಪಳಗಿದ ಕೈಗಳು, ವಾಪಸ್ ತೆಗೆದುಕೊಳ್ಳುವ ಪದ್ಧತಿ, ನೂರು ವರ್ಷದ ಹೆಸರು, ಎಲ್ಲ ಸಿಯರ್ಸ್ ಹತ್ತಿರ ಇದ್ದವು. ಅಷ್ಟೇ ಅಲ್ಲ, ಐಬಿಎಂ ಜೊತೆ ಸೇರಿ ‘ಪ್ರಾಡಿಜಿ’ ಅನ್ನುವ ಕಂಪ್ಯೂಟರ್ ಸೇವೆಯನ್ನೂ ನಡೆಸುತ್ತಿತ್ತು. ಮನೆಯಲ್ಲಿ ಕೂತು ಸುದ್ದಿ ಓದಬಹುದು, ಸಾಮಾನು ತರಿಸಬಹುದು. 1996ರಲ್ಲಿ ಆ ಪಾಲನ್ನೂ ಮಾರಿಬಿಟ್ಟಿತು. 2005ರಲ್ಲಿ ಕೆಮಾರ್ಟ್ ಎಂಬ ಇನ್ನೊಂದು ಅಂಗಡಿ ಕಂಪನಿಯ ಜೊತೆ ಒಂದಾಯಿತು, ಆಮೇಲೆ ಮಳಿಗೆಗಳು ಸೊರಗಿದವು, 2018ರ ಅಕ್ಟೋಬರ್ 15ರಂದು ದಿವಾಳಿ ಅರ್ಜಿ ಹಾಕಿತು. ಹೇಳಿ, ಇದನ್ನು ಮುಳುಗಿಸಿದ್ದು ಮೊಬೈಲೇ? ಮೊಬೈಲಿನಲ್ಲಿ ವ್ಯಾಪಾರ ಅನ್ನುವುದು ಇನ್ನೂ ಯಾರ ಕನಸಿನಲ್ಲೂ ಇಲ್ಲದಿದ್ದಾಗಲೇ ಸಿಯರ್ಸ್ ಗಿರಾಕಿಯ ಮನೆಯಿಂದ ಎದ್ದು ಬಂದಾಗಿತ್ತು.

“ಅದು ಸರಿ, ದೊಡ್ಡ ಮಳಿಗೆ ಇಟ್ಟುಕೊಂಡು ಉಳಿದವರು ಯಾರಾದರೂ ಇದ್ದಾರೆಯೇ?” ಅಂತ ಕೇಳುವವರಿಗೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಅಮೆರಿಕದಲ್ಲಿ ದೊಡ್ಡ ದೊಡ್ಡ ಅಂಗಡಿಗಳನ್ನು ನಡೆಸುವ ಟಾರ್ಗೆಟ್ ಕಂಪನಿಯ ದೊಡ್ಡ ಕಚೇರಿ ಇದೆ. ನಿಮ್ಮಲ್ಲಿ ಕೆಲವರ ಮಕ್ಕಳು, ಸೊಸೆಯಂದಿರು ಅಲ್ಲಿ ಕೆಲಸಕ್ಕಿರಬಹುದು. ಆ ಕಂಪನಿಯ ಮೂಲ ಮಿನಿಯಾಪೊಲಿಸ್ಸಿನ ಡೇಟನ್ಸ್ ಎಂಬ ಡಿಪಾರ್ಟ್‌ಮೆಂಟ್ ಸ್ಟೋರು, 1902ರದ್ದು. ಊರಿನ ನಡುಮಧ್ಯೆ ಮಳಿಗೆ ಚೆನ್ನಾಗಿಯೇ ನಡೆಯುತ್ತಿತ್ತು. ಜನ ಹೊರವಲಯದಲ್ಲಿ ಮನೆ ಮಾಡಿಕೊಂಡದ್ದನ್ನು ಡೇಟನ್ ಮನೆತನದವರು ನೋಡಿದರು. 1956ರಲ್ಲಿ ಅಲ್ಲೇ ಸೌತ್‌ಡೇಲ್ ಮಾಲ್ ಕಟ್ಟಿಸಿದರು. ಪೂರ್ತಿ ಸೂರಿನ ಕೆಳಗೆ, ಒಳಗೆಲ್ಲ ಹದವಾದ ಹವೆ ಇರುವ ಮಾಲ್ ಅಂದರೆ ಅದೇ ಮೊದಲು ಅಂತ ಹೆಸರಾದದ್ದು. ಸಂಸಾರ ನಡೆಸುವವರಿಗೆ ಕಡಿಮೆ ಬೆಲೆಯ ಒಳ್ಳೆಯ ಅಂಗಡಿ ಬೇಕು ಅಂತ ಕಂಡಿತು. 1962ರಲ್ಲಿ ಮೊದಲ ಟಾರ್ಗೆಟ್ ತೆರೆದರು. ವಾಲ್‌ಮಾರ್ಟ್ ಮತ್ತು ಕೆಮಾರ್ಟ್ ತೆರೆದದ್ದೂ ಅದೇ ವರ್ಷ. ಅಂಥ ವರ್ಷವನ್ನು ಬೇರೆ ಡಿಪಾರ್ಟ್‌ಮೆಂಟ್ ಸ್ಟೋರುಗಳ ಯಜಮಾನರು ಹೇಗೆ ಗಮನಿಸದೆ ಬಿಟ್ಟರೋ ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ. ಕೊನೆಗೆ 2004ರಲ್ಲಿ ಆ ಕಂಪನಿ ತನ್ನ ಹಳೆಯ ದೊಡ್ಡ ಮಳಿಗೆಗಳನ್ನೇ ಮಾರಿತು. ಈಗ ಗಿರಾಕಿ ಫೋನಿನಲ್ಲಿ ಆರ್ಡರ್ ಮಾಡುತ್ತಾಳೆ, ಅಂಗಡಿಯ ಹುಡುಗ ಚೀಲವನ್ನು ಹೊರಗೆ ತಂದು ಅವಳ ಕಾರಿನೊಳಗೆ ಇಡುತ್ತಾನೆ. ಅವರ ಆನ್‌ಲೈನ್ ಆರ್ಡರುಗಳಲ್ಲಿ ಬಹುಪಾಲು ಅಂಗಡಿಗಳಿಂದಲೇ ಹೋಗುತ್ತವೆ. ಅಂಗಡಿ ಇದೆ, ಫೋನೂ ಇದೆ, ಜಗಳ ಇಲ್ಲ.

ಸ್ಟುಡಿಯೊದ ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ, ಸಿಯರ್ಸ್ ಕಥೆಗೇ ಹೆಚ್ಚು ಹೊತ್ತು ಹೋಯಿತು. ನಮ್ಮ ದೇಶದ ಮಾತು ಚುಟುಕಾಗಿ ಹೇಳುತ್ತೇನೆ. 1966ರ ಜೂನಿನಲ್ಲಿ ರೂಪಾಯಿ ಮೌಲ್ಯ ಇಳಿಸಿದ ಮೇಲೆ ಬೆಲೆ ಏರುವ ಭಯವಿತ್ತು. ಆ ಹೊತ್ತಿನಲ್ಲಿ ದಿಲ್ಲಿಯಲ್ಲಿ ಸಹಕಾರಿ ‘ಸೂಪರ್ ಬಜಾರ್’ ತೆರೆದರು. ನಮ್ಮಲ್ಲಿ ಜನತಾ ಬಜಾರ್‌ಗಳು ಬಂದವು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಜನತಾ ಬಜಾರನ್ನು ಹಿರಿಯ ಕೇಳುಗರು ಮರೆತಿರಲಾರರು. ನ್ಯಾಯವಾದ ಬೆಲೆ, ಸರಿಯಾದ ತೂಕ, ಕೈಗೆ ಬಿಲ್ಲು. ಆಮೇಲೆ ಮನೆಗಳು ಬಡಾವಣೆಗಳಿಗೆ ಹೋದವು. ಬಡಾವಣೆಯ ತಾಯಂದಿರು ಒಂದು ಕೇಜಿ ತೊಗರಿಬೇಳೆಗೆ ಎರಡು ಬಸ್ಸು ಹತ್ತಿ ಮೆಜೆಸ್ಟಿಕ್ಕಿಗೆ ಯಾಕೆ ಬರುತ್ತಾರೆ? ಮತ್ತೆ ಅದೇ ಮಾತು. ಗಿರಾಕಿ ಎಲ್ಲಿದ್ದಾನೋ ಅಲ್ಲಿಗೆ ಅಂಗಡಿ ಹೋಗಬೇಕು.

ರಾಣೆಬೆನ್ನೂರಿನಲ್ಲಿ ನನಗೆ ಪರಿಚಯದ ಒಬ್ಬ ಸೀರೆ ವ್ಯಾಪಾರಿ ಇದ್ದಾರೆ. ಅವರ ಅಂಗಡಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಗಾದಿಯ ಮೇಲೆ ಒಂದು ಹುಡುಗಿ ಫೋನ್ ಹಿಡಿದು ಕೂರುತ್ತಾಳೆ. ಬೇರೆ ಊರುಗಳಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ವಿಡಿಯೊ ಕರೆ ಮಾಡುತ್ತಾರೆ. ಇವಳು ಇಳಕಲ್ ಸೀರೆಯ ಸೆರಗು ಬಿಚ್ಚಿ, ಅಂಚನ್ನು ಬಾಗಿಲ ಬೆಳಕಿಗೆ ಹಿಡಿದು ತೋರಿಸುತ್ತಾಳೆ. “ಅಕ್ಕಾ, ಈ ಬಣ್ಣ ಫೋನಿನಾಗ ಸ್ವಲ್ಪ ತಿಳಿ ಕಾಣ್ತದ, ಖರೇನ ಇನ್ನೂ ಗಾಢ ಐತಿ” ಅಂತ ತಾನಾಗಿಯೇ ಹೇಳುತ್ತಾಳೆ. ಸೀರೆ ಕೊರಿಯರ್‌ನಲ್ಲಿ ಹೋಗುತ್ತದೆ, ಹಿಡಿಸದಿದ್ದರೆ ವಾಪಸ್ ಬರುತ್ತದೆ. ಆ ಯಜಮಾನರು ಕಂಪ್ಯೂಟರ್ ಕಲಿತವರಲ್ಲ. ತಮ್ಮ ಗಿರಾಕಿಗಳು ಯಾವ ಊರಿಗೆ ಹೋದರು ಅನ್ನುವುದು ಮಾತ್ರ ಅವರಿಗೆ ಬಾಯಿಪಾಠ.

ನೀವೂ ಇವತ್ತು ಸಂಜೆ ಅಂಗಡಿ ಮುಚ್ಚುವ ಮೊದಲು ಹಳೆಯ ಖಾತೆ ಪುಸ್ತಕ ತೆಗೆಯಿರಿ. ಹಿಂದೆ ಯುಗಾದಿಗೂ ದೀಪಾವಳಿಗೂ ತಪ್ಪದೆ ಬರುತ್ತಿದ್ದು, ಈಗ ಬರದೇ ಇರುವ ಮನೆಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಿರಿ. ನಾಳೆ ಹತ್ತು ಮನೆಗೆ ಫೋನ್ ಮಾಡಿ. ಮಾರಾಟದ ಮಾತು ಬೇಡ; ಈಗ ಎಲ್ಲಿದ್ದೀರಿ, ಬಟ್ಟೆಬರೆ ಎಲ್ಲಿಂದ ತರುತ್ತೀರಿ ಅಂತ ಕೇಳಿ, ಅವರು ಹೇಳಿದ್ದನ್ನು ಅದೇ ಹಾಳೆಯಲ್ಲಿ ಬರೆದುಕೊಳ್ಳಿ. ಬಂದ ಉತ್ತರಗಳನ್ನು ಆಕಾಶವಾಣಿಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆದು ಕಳಿಸಿದರೆ ಒಂದೊಂದನ್ನೂ ಓದುತ್ತೇನೆ. ನಮಸ್ಕಾರ.