ಲೈನ್ ಹೋದಾಗ ಫೈಲ್ ಸರ್ವರ್ ಯಾರ ಮಾತು ಕೇಳಬೇಕು?

ಎಲ್ಲರಿಗೂ ನಮಸ್ಕಾರ. ಇವತ್ತು ಕೊಡಗಿನ ಚಿಕ್ಕ ಆಫೀಸುಗಳ ಫೈಲ್ ಸರ್ವರ್ ಬಗ್ಗೆ ಮಾತಾಡುತ್ತೇನೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ, ಎಲ್ಲೇ ಇರಲಿ. ಸರ್ವರ್ ಆಫೀಸಿನ ಒಳಗೇ ಇರುತ್ತದೆ. ಫೈಲುಗಳೂ ಅದರಲ್ಲೇ ಇರುತ್ತವೆ. ಆದರೆ ಬಂದವರು ಯಾರು, ಅವರ ಪಾಸ್‌ವರ್ಡ್ ಸರಿ ಇದೆಯಾ ಎಂದು ಹೇಳುವ ಡೊಮೇನ್ ಕಂಟ್ರೋಲರ್ ಮಾತ್ರ ಬೆಂಗಳೂರಿನ ಹೆಡ್ ಆಫೀಸಿನಲ್ಲಿರುತ್ತದೆ. ಮಧ್ಯೆ ಇರುವುದು ಒಂದೇ ಲೈನ್.

ಮಳೆಗಾಲದಲ್ಲಿ ಆ ಲೈನಿನ ಗತಿ ಏನು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗಾಳಿಗೆ ಮರ ಬಿದ್ದರೆ ಕರೆಂಟ್ ತಂತಿಯೂ ಹೋಗುತ್ತದೆ, ಇಂಟರ್ನೆಟ್ ಕೇಬಲ್ಲೂ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆಗಳೇ ಕೊಚ್ಚಿಹೋಗಿದ್ದವು. ಇನ್ನು ಕೇಬಲ್ ಯಾವ ಲೆಕ್ಕ? ಅಂಥ ದಿನ ತೋಟದ ಲೆಕ್ಕ ಬರೆಯುವ ರೈಟರ್ ಚೆಕ್‌ರೋಲ್ (ಕಾರ್ಮಿಕರ ಹಾಜರಿ, ಕೂಲಿಯ ಪಟ್ಟಿ) ತೆಗೆಯಲು ಕೂತರೆ ಲಾಗಿನ್ ಆಗುವುದಿಲ್ಲ. ಫೈಲ್ ಪಕ್ಕದ ಕೋಣೆಯಲ್ಲೇ ಇದೆ. ಆದರೂ ಕಾರ್ಮಿಕರ ಬಟವಾಡೆ ನಿಲ್ಲುತ್ತದೆ. ಇದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ. ಸಾಂಬಾ ಸರ್ವರ್ ಆದರೆ, ಅಂದರೆ ಲಿನಕ್ಸ್ ಯಂತ್ರದಿಂದ ವಿಂಡೋಸ್ ಪಿಸಿಗಳಿಗೆ ಫೈಲ್ ಕೊಡುವ ತಂತ್ರಾಂಶ ಇದ್ದರೆ, "ವಿನ್‌ಬೈಂಡ್ ಕ್ಯಾಶ್ ಟೈಮ್" ಜಾಸ್ತಿ ಮಾಡಿ ಎನ್ನುತ್ತಾರೆ. ವಿನ್‌ಬೈಂಡ್ ಎಂದರೆ ಡೊಮೇನ್ ಕಂಟ್ರೋಲರ್ ಜೊತೆ ಮಾತಾಡುವ ಸಾಂಬಾದ ಭಾಗ. ಕ್ಯಾಶ್ ಎಂದರೆ ಸರ್ವರ್ ಒಮ್ಮೆ ಕೇಳಿ ತಿಳಿದದ್ದನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುವುದು. ಇಲ್ಲಿ ಅದು ಮೊದಲಿನಿಂದ 300 ಸೆಕೆಂಡ್ ಇರುತ್ತದೆ. ಅದನ್ನು 3600 ಮಾಡಿ, ಒಂದು ದಿನ ಮಾಡಿ ಎನ್ನುತ್ತಾರೆ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಆ ಕ್ಯಾಶ್ ನೆನಪಿಡುವುದು ಬಳಕೆದಾರರ ಮತ್ತು ಗುಂಪುಗಳ ಮಾಹಿತಿಯನ್ನು. ಪಾಸ್‌ವರ್ಡ್ ಪರೀಕ್ಷೆ ಅದರಲ್ಲಿ ಇಲ್ಲವೇ ಇಲ್ಲ. "ವಿನ್‌ಬೈಂಡ್ ಆಫ್‌ಲೈನ್ ಲಾಗನ್" ಆನ್ ಮಾಡದಿದ್ದರೆ ಆ ಪರೀಕ್ಷೆ ಪ್ರತಿ ಸಲ ಹೊಸದಾಗಿ ನಡೆಯುತ್ತದೆ ಎಂದು ಸಾಂಬಾದ ಕೈಪಿಡಿಯಲ್ಲೇ ಬರೆದಿದೆ. ಆನ್ ಮಾಡಿದರೂ ಅದು ಮುಖ್ಯವಾಗಿ ಆ ಯಂತ್ರದಲ್ಲೇ ಕೂತು ಲಾಗಿನ್ ಆಗುವವರಿಗೆ. ನೆಟ್‌ವರ್ಕ್ ಮೂಲಕ ಫೈಲ್ ಕೇಳುವವರಿಗೆ ಅದರಿಂದ ಸಹಾಯವಿಲ್ಲ. ಸುಮ್ನೆ ಸೆಕೆಂಡ್ ಏರಿಸಿದರೆ ಹಳೆಯ ಗುಂಪಿನ ಮಾಹಿತಿ ಜಾಸ್ತಿ ಹೊತ್ತು ಉಳಿಯುತ್ತದೆ. ಲೈನ್ ಹೋದ ದಿನ ಬಾಗಿಲು ತೆರೆಯುವುದಿಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ಮೊದಲು ಪಾಸ್‌ವರ್ಡ್ ಪರೀಕ್ಷೆ ಯಾವ ದಾರಿಯಲ್ಲಿ ನಡೆಯುತ್ತಿದೆ ಎಂದು ನೋಡಿ. ಇಲ್ಲಿ ದಾರಿ ಎರಡು: ಎನ್‌ಟಿಎಲ್‌ಎಂ ಮತ್ತು ಕರ್ಬೆರೋಸ್. ಎನ್‌ಟಿಎಲ್‌ಎಂ ಎಂದರೆ ತೋಟದ ಗೇಟಿನಲ್ಲಿ ನಿಂತವನು ಯಾರು ಬಂದರೂ ಬೆಂಗಳೂರಿಗೆ ಫೋನ್ ಮಾಡಿ "ಇವರನ್ನು ಬಿಡಲಾ?" ಎಂದು ಕೇಳಿದ ಹಾಗೆ. ಕರ್ಬೆರೋಸ್ ಎಂದರೆ ಬಂದವರ ಕೈಯಲ್ಲೇ ಡೊಮೇನ್ ಕಂಟ್ರೋಲರ್ ಮೊದಲೇ ಸಹಿ ಮಾಡಿ ಕೊಟ್ಟ ಚೀಟಿ ಇದ್ದ ಹಾಗೆ. ಆ ಚೀಟಿಗೆ ಟಿಕೆಟ್ ಎನ್ನುತ್ತಾರೆ. ಆ ಟಿಕೆಟ್ ನಿಜವೋ ಸುಳ್ಳೋ ಎಂದು ಫೈಲ್ ಸರ್ವರ್ ತನ್ನ ಬಳಿ ಇರುವ ಕೀಲಿಯಿಂದಲೇ ತಿಳಿಯುತ್ತದೆ. ಆ ಕ್ಷಣ ಹೆಡ್ ಆಫೀಸ್ ಬೇಕಾಗುವುದಿಲ್ಲ. ಆಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಡೊಮೇನ್ ಕಂಟ್ರೋಲರ್ ನಡೆಸುವ ಮೈಕ್ರೋಸಾಫ್ಟ್‌ನ ಖಾತೆ ವ್ಯವಸ್ಥೆಯಲ್ಲಿ, ಟಿಕೆಟ್ ಸಾಮಾನ್ಯವಾಗಿ 10 ಗಂಟೆ ನಡೆಯುತ್ತದೆ. ಬೆಳಿಗ್ಗೆ 9ಕ್ಕೆ ಲಾಗಿನ್ ಆಗಿ ಶೇರ್ (ಸರ್ವರಿನಲ್ಲಿ ಎಲ್ಲರಿಗೂ ಹಂಚಿದ ಫೋಲ್ಡರ್) ತೆರೆದವರಿಗೆ ಸಂಜೆ 7ರವರೆಗೆ ಲೈನ್ ಇಲ್ಲದಿದ್ದರೂ ಕೆಲಸ ಆಗುತ್ತದೆ.

ಆದರೆ ನಮ್ಮ ಆಫೀಸುಗಳಲ್ಲಿ ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್ ತೆರೆದು ನೋಡಿ. ಎಷ್ಟೋ ಕಡೆ ಸರ್ವರ್ ಹೆಸರಿನ ಬದಲು 192.168 ಎಂದು ಐಪಿ ವಿಳಾಸ ಇರುತ್ತದೆ. ಐಪಿ ಹಾಕಿದರೆ ವಿಂಡೋಸ್ ಸಾಮಾನ್ಯವಾಗಿ ಕರ್ಬೆರೋಸ್ ಬಿಟ್ಟು ಎನ್‌ಟಿಎಲ್‌ಎಂಗೆ ಇಳಿಯುತ್ತದೆ. ಆ ಒಂದು ಶಾರ್ಟ್‌ಕಟ್‌ನಿಂದಾಗಿ ಇಡೀ ಆಫೀಸ್ ಲೈನಿಗೆ ಕಟ್ಟುಬಿದ್ದಿರುತ್ತದೆ. ಹೆಸರು ಹಾಕಿ. ಆ ಹೆಸರಿನ ಐಪಿ ವಿಳಾಸ ಯಾವುದು ಎಂದು ಹೇಳುವ ಡಿಎನ್‌ಎಸ್ ಕೂಡ ಆಫೀಸಿನ ಒಳಗೇ ಇರಲಿ.

ಇನ್ನೊಂದು, ಗಡಿಯಾರ. ಟಿಕೆಟ್ ನಂಬಬೇಕಾದರೆ ಯಂತ್ರಗಳ ಸಮಯದಲ್ಲಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಹಳೆಯ ಪಿಸಿಯ ಮದರ್‌ಬೋರ್ಡ್ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ತಾರೀಖೇ ಬದಲಾಗಿರುತ್ತದೆ. ಆಗ ಯಾವ ಸೆಟ್ಟಿಂಗ್ ತಿದ್ದಿದರೂ ಪ್ರಯೋಜನವಿಲ್ಲ. ಒಂದು ಚಿಕ್ಕ ನಾಣ್ಯದಂಥ ಬ್ಯಾಟರಿ ಹಾಕಿಸಿದರೆ ಸಾಕು.

ಕೊಡಗಿನ ನಿಜವಾದ ತೊಂದರೆ ಇನ್ನೂ ಒಂದಿದೆ. ಇಲ್ಲಿ ಕರೆಂಟ್ ಮತ್ತು ಲೈನ್ ಒಟ್ಟಿಗೇ ಹೋಗುತ್ತವೆ. ಪಿಸಿ ಆಫ್ ಆದರೆ ಅದರಲ್ಲಿದ್ದ ಟಿಕೆಟ್‌ಗಳು ಅಳಿಸಿಹೋಗುತ್ತವೆ. ಜನರೇಟರ್ ಹಾಕಿ ಪಿಸಿ ಆನ್ ಮಾಡಿದರೆ ವಿಂಡೋಸ್ ಒಳಗೆ ಬಿಡುತ್ತದೆ, ಏಕೆಂದರೆ ಕೊನೆಯ 10 ಮಂದಿಯ ಲಾಗಿನ್ ಅದಕ್ಕೆ ನೆನಪಿರುತ್ತದೆ. ಆದರೆ ಫೈಲ್ ಸರ್ವರ್‌ಗೆ ತೋರಿಸಲು ಟಿಕೆಟ್ ಇಲ್ಲ. ಹೊಸದನ್ನು ಕೊಡುವವರು ಬೆಂಗಳೂರಿನಲ್ಲಿದ್ದಾರೆ. "ಲಾಗಿನ್ ಆಯ್ತು ಸಾರ್, ಫೋಲ್ಡರ್ ಮಾತ್ರ ತೆರೀತಿಲ್ಲ" ಎನ್ನುವ ಫೋನ್ ಬರುವುದು ಇದೇ ಕಾರಣಕ್ಕೆ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿದೆ. ಕೊಡಗಿನ ಬ್ರಾಂಚಿನಲ್ಲಿ ಟಿಕೆಟ್ ಕೊಡುವ ಯಂತ್ರ ಬ್ರಾಂಚಿನಲ್ಲೇ ಇರಬೇಕು. ಇದಕ್ಕಾಗಿಯೇ ವಿಂಡೋಸ್ ಸರ್ವರ್ 2008ರಲ್ಲಿ ರೀಡ್ ಓನ್ಲಿ ಡೊಮೇನ್ ಕಂಟ್ರೋಲರ್ ಬಂತು. ನೀವು ಹೇಳಿದವರ ಪಾಸ್‌ವರ್ಡ್ ಗುರುತನ್ನು ಮಾತ್ರ ಅದು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಕಳವಾದರೂ ಅಷ್ಟು ಮಂದಿಯ ಪಾಸ್‌ವರ್ಡ್ ಬದಲಿಸಿದರೆ ಆಯಿತು. ಹೆಡ್ ಆಫೀಸಿನ ಅಡ್ಮಿನ್ ಖಾತೆಗಳನ್ನು ಅದರಲ್ಲಿ ಸೇರಿಸಲೇಬೇಡಿ. ಆದರೆ ಬರೀ ಜನರ ಹೆಸರು ಸೇರಿಸಿದರೆ ಸಾಲದು. ಅವರು ಬಳಸುವ ಪಿಸಿಗಳ ಖಾತೆ, ಫೈಲ್ ಸರ್ವರ್‌ನ ಖಾತೆ ಎರಡೂ ಆ ಪಟ್ಟಿಯಲ್ಲಿರಬೇಕು. ಇಲ್ಲದಿದ್ದರೆ ಲೈನ್ ಹೋದ ದಿನ ಅದು ಮತ್ತೆ ಬೆಂಗಳೂರಿನ ಕಡೆಗೇ ನೋಡುತ್ತದೆ. ಜನ ಇದನ್ನೇ ಮರೆಯುತ್ತಾರೆ. ಪಾಸ್‌ವರ್ಡ್‌ಗಳನ್ನು ಲೈನ್ ಇರುವಾಗಲೇ ತುಂಬಿಸಿಡಿ.

ಇಷ್ಟಾದ ಮೇಲೆ ಸೆಕೆಂಡುಗಳ ಮಾತು. ಸಾಂಬಾದ ಐಡಿಮ್ಯಾಪ್ ಕ್ಯಾಶ್ (ವಿಂಡೋಸ್ ಖಾತೆಗೆ ಲಿನಕ್ಸ್‌ನಲ್ಲಿ ಯಾವ ಸಂಖ್ಯೆ ಎಂಬ ನೆನಪು) 7 ದಿನ ಇರುತ್ತದೆ, ಹಾಗೇ ಇರಲಿ. ಲಿನಕ್ಸ್ ಯಂತ್ರಗಳ ಮಧ್ಯೆ ಫೈಲ್ ಹಂಚುವ ಎನ್‌ಎಫ್‌ಎಸ್ ಸರ್ವರ್ ಇದ್ದರೆ, ಯಾವ ಯಂತ್ರವನ್ನು ಬಿಡಬೇಕು ಎಂದು ಮೌಂಟ್‌ಡಿ ಎಂಬ ಸೇವೆ ಕೊಟ್ಟ ಉತ್ತರವನ್ನು ಲಿನಕ್ಸ್‌ನ ತಿರುಳಾದ ಕರ್ನಲ್ 1800 ಸೆಕೆಂಡ್ ಇಟ್ಟುಕೊಳ್ಳುತ್ತದೆ, ಅದೂ ಸಾಕು. ಲಿನಕ್ಸ್ ಯಂತ್ರವನ್ನು ಡೊಮೇನ್ ಖಾತೆಗಳಿಗೆ ಜೋಡಿಸುವ ಎಸ್‌ಎಸ್‌ಎಸ್‌ಡಿ ಎಂಬ ಸೇವೆಯಲ್ಲಿ ಮಾತ್ರ ಒಂದನ್ನು ಬದಲಿಸಿ. ಅಲ್ಲಿ ಪಾಸ್‌ವರ್ಡ್ ಕ್ಯಾಶ್ ಆನ್ ಮಾಡಿದರೆ ಆಫ್‌ಲೈನ್ ಲಾಗಿನ್‌ಗೆ ದಿನಗಳ ಮಿತಿಯೇ ಇರುವುದಿಲ್ಲ. ಸೊನ್ನೆ ಎಂದು ಬಿಟ್ಟಿರುತ್ತಾರೆ. ಒಂದು ವಾರ ಎಂದು ಹಾಕಿ. ನಮ್ಮ ಮಳೆಗೆ ಅಷ್ಟು ಬೇಕು, ಅದಕ್ಕಿಂತ ಜಾಸ್ತಿ ಬೇಡ.

ಮಿತಿ ಯಾಕೆ ಬೇಕು? ಕೆಲಸ ಬಿಟ್ಟು ಹೋದವರಿದ್ದಾರೆ ಅಲ್ವಾ. ಹೆಡ್ ಆಫೀಸಿನಲ್ಲಿ ಖಾತೆ ಮುಚ್ಚಿದ ತಕ್ಷಣ ಕೈಯಲ್ಲಿರುವ ಟಿಕೆಟ್ ಸಾಯುವುದಿಲ್ಲ. ಅವಧಿ ಮುಗಿಯುವವರೆಗೆ ಅದು ನಡೆಯಬಹುದು. ಕಾಫಿ ರೇಟು, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ), ಬೆಳೆಗಾರರ ಬ್ಯಾಂಕ್ ಖಾತೆ ಇರುವ ಫೋಲ್ಡರಿಗೆ 10 ಗಂಟೆ ಸಣ್ಣ ಅವಧಿಯಲ್ಲ. ಯಾರಾದರೂ ಬಿಟ್ಟು ಹೋದ ದಿನ ಆ ಶೇರಿನ ಅನುಮತಿ ಪಟ್ಟಿಯಲ್ಲಿ ಅವರ ಹೆಸರಿಗೆ ನೇರವಾಗಿ ನಿರಾಕರಣೆ ಹಾಕಿ. ಅವರ ತೆರೆದ ಸಂಪರ್ಕ ಇದ್ದರೆ ಕಡಿದುಹಾಕಿ. ಆ ಅಧಿಕಾರ ಬ್ರಾಂಚಿನಲ್ಲಿ ಒಬ್ಬರಿಗಾದರೂ ಇರಲಿ. ಲೈನ್ ಇಲ್ಲದ ದಿನವೂ ಜನ ಕೆಲಸ ಬಿಡುತ್ತಾರೆ.

ಇದನ್ನೆಲ್ಲ ಮೇ ತಿಂಗಳಲ್ಲೇ ಪರೀಕ್ಷಿಸಿ. ಕೆಲಸ ಕಡಿಮೆ ಇರುವ ಒಂದು ಮಧ್ಯಾಹ್ನ ಹೊರಗಿನ ಕೇಬಲ್ ಕಿತ್ತಿಡಿ. ಎಲ್ಲ ಪಿಸಿಗಳನ್ನೂ ಆಫ್ ಮಾಡಿ ಆನ್ ಮಾಡಿ. ಆಮೇಲೆ ರೈಟರನ್ನೇ ಕರೆದು, ಅವರ ಲಾಗಿನ್‌ನಲ್ಲೇ ಚೆಕ್‌ರೋಲ್ ತೆರೆಯಲು ಹೇಳಿ. ತೆರೆಯದಿದ್ದರೆ ಸರಿಪಡಿಸಲು ಜೂನ್‌ವರೆಗೆ ಸಮಯವಿದೆ.