ಕಾಲು ನೆಲಕ್ಕೆ ಸಿಗಬೇಕು

ಕೇಳುಗರಿಗೆಲ್ಲ ನಮಸ್ಕಾರ. ಕಣದಲ್ಲಿ ಕಾಫಿ ಹರವಿ ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡವರು ಇದ್ದೀರಿ, ಬೇಲೂರು ರಸ್ತೆಯಲ್ಲಿ ಗಾಡಿ ಓಡಿಸುತ್ತಾ ಕೇಳುವವರು ಇದ್ದೀರಿ, ಬೈಕ್ ಕೊಡಿಸಿ ಅಂತ ಅಪ್ಪನ ಬೆನ್ನು ಬಿದ್ದಿರುವ ಹುಡುಗರೂ ಇದ್ದೀರಿ. ನಾನು ಹಾಸನದಲ್ಲಿ 30 ವರ್ಷದಿಂದ ಬೈಕ್ ಗ್ಯಾರೇಜ್ ನಡೆಸುತ್ತಿದ್ದೇನೆ. ಟ್ರಯಂಫ್ ಅನ್ನೋ ಇಂಗ್ಲೆಂಡ್ ಕಂಪನಿಯ ಹೊಸ ಗಾಡಿಗಳ ಬಗ್ಗೆ ಮಾತಾಡಿ, ಓಡಿಸೋರು ಏನಂತಾರೆ ಹೇಳಿ ಅಂತ ಇವತ್ತು ನನ್ನನ್ನು ಕರೆದಿದ್ದಾರೆ. ಹಳೇ ಕಾಲದ ಚೆಹರೆಯ ಗಾಡಿಗಳು ಒಂದು ಕಡೆ. ದೂರದ ಪ್ರಯಾಣಕ್ಕೆ ಅಂತ ಮಾಡಿದ ಎತ್ತರದ ಟೂರಿಂಗ್ ಗಾಡಿಗಳು ಇನ್ನೊಂದು ಕಡೆ. ಯಾವುದು ಒಳ್ಳೇದು ಅಂತ ಜಗಳ ಆಡೋರು ನನ್ನ ಗ್ಯಾರೇಜಿಗೆ ದಿನಾ ಬರುತ್ತಾರೆ. ನಾನು ಎಲ್ಲರಿಗೂ ಹೇಳೋದು ಒಂದೇ ಮಾತು. ಕಾಲು ನೆಲಕ್ಕೆ ಸಿಗಬೇಕು.

ಮೊದಲು ಕಂಪನಿ ಕತೆ ಸ್ವಲ್ಪ. 1902ರಲ್ಲಿ ಕಾವೆಂಟ್ರಿ ಊರಲ್ಲಿ ಮೊದಲ ಮೋಟಾರ್ ಸೈಕಲ್ ಮಾಡಿದರು. 1959ರಲ್ಲಿ ಬಾನವಿಲ್ ಬಂತು. ಅಮೆರಿಕದಲ್ಲಿ ಆ ಹೆಸರಿನ ಉಪ್ಪಿನ ಬಯಲಿದೆ, ಸ್ಪೀಡ್ ರೆಕಾರ್ಡ್ ಮಾಡೋಕೆ ಅಲ್ಲಿಗೇ ಹೋಗುತ್ತಾರೆ, ಅದೇ ಹೆಸರು ಗಾಡಿಗೂ ಇಟ್ಟರು. 1983ರಲ್ಲಿ ಹಳೇ ಕಂಪನಿ ಮುಚ್ಚಿಹೋಯಿತು. ಮನೆ ಕಟ್ಟಿಸೋ ವ್ಯವಹಾರದ ಜಾನ್ ಬ್ಲೂರ್ ಹೆಸರನ್ನು ಕೊಂಡುಕೊಂಡು ಹಿಂಕ್ಲಿ ಊರಲ್ಲಿ ಹೊಸದಾಗಿ ಶುರು ಮಾಡಿದರು. ನಮ್ಮ ಮೈಸೂರಿನ ಯೆಜ್ಡಿ ಕಾರ್ಖಾನೆ ಮುಚ್ಚಿದಾಗ ಹೊಟ್ಟೆ ಉರಿದುಕೊಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಈಗಿನ ಬಾನವಿಲ್ ನೋಡಿದರೆ ಅಜ್ಜನ ಕಾಲದ ಗಾಡಿ ಥರಾನೇ ಇದೆ. ಹತ್ತಿರ ಹೋಗಿ ಬಗ್ಗಿ ನೋಡಿ. ಕಾರ್ಬ್ಯುರೇಟರ್ ಅಂತ ಕಾಣೋದು ಕಾರ್ಬ್ಯುರೇಟರ್ ಅಲ್ಲ. ಒಳಗೆ ಪೆಟ್ರೋಲ್ ಇಂಜೆಕ್ಷನ್ ಇದೆ, ಹೊರಗಿನ ಆಕಾರ ಮಾತ್ರ ಹಳೇದು. ಇಂಜಿನ್ನಿನ ನೀರು ತಣಿಸೋ ರೇಡಿಯೇಟರನ್ನು ಫ್ರೇಮಿನ ಮುಂದಿನ ಎರಡು ಪೈಪುಗಳ ಮಧ್ಯೆ ಸಣ್ಣಗೆ ಕೂರಿಸಿದ್ದಾರೆ, ಹುಡುಕಿದರೆ ಮಾತ್ರ ಸಿಗುತ್ತದೆ. ಇಂಜಿನ್ನಿನ ಮೇಲೆ ಗಾಳಿಗೆ ತಣಿಯೋ ಗಾಡಿಯ ಹಾಗೇ ತೆಳು ಪಟ್ಟಿಗಳನ್ನೂ ಬಿಟ್ಟಿದ್ದಾರೆ. ಎಂಥ ಅಚ್ಚುಕಟ್ಟು ಕೆಲಸ! ನನ್ನಂಥ ಗ್ರೀಸ್ ಕೈಯವನಿಗೆ ಅದನ್ನು ನೋಡ್ತಾ ಕೂತರೆ ಊಟ ಬೇಡ.

ಸರಿ, ಓಡಿಸೋರು ಏನಂತಾರೆ? ಪುಣೆ ಹತ್ತಿರ ಚಾಕಣ್‌ನಲ್ಲಿ ಬಜಾಜ್ ಜೊತೆ ಸೇರಿ ಮಾಡೋ ಸ್ಪೀಡ್ 400 ಬಂದಿದ್ದು 2023ರಲ್ಲಿ. ಅದನ್ನು ತಗೊಂಡ ಹುಡುಗರು ಹಗುರ, ತಿರುವಲ್ಲಿ ಹೇಳಿದಂತೆ ಕೇಳುತ್ತದೆ ಅಂತಾರೆ. ಬುಲೆಟ್ ಓಡಿಸಿದ ಹಿರಿಯರು ಆ ಡಗ್ ಡಗ್ ಇಲ್ಲವಲ್ಲಪ್ಪ ಅಂತಾರೆ. ದೊಡ್ಡ ಬಾನವಿಲ್ ಇರೋರು ಅವಸರವೇ ಬೇಡ ಅನಿಸುತ್ತೆ ಅಂತಾರೆ. ಟೈಗರ್ ಅನ್ನೋ ಎತ್ತರದ ಟೂರಿಂಗ್ ಗಾಡಿ ಇರೋರಿಗೆ ಗುಂಡಿ ಕಣ್ಣಿಗೇ ಬೀಳೋದಿಲ್ಲ. ಎಲ್ಲರೂ ನಿಜಾನೇ ಹೇಳ್ತಾರೆ. ಆದರೆ ನಾನು ಕಾಲಿನ ವಿಷಯ ಕೇಳಿದರೆ ಅರ್ಧ ಜನ ಮಾತು ಬದಲಾಯಿಸುತ್ತಾರೆ.

ನಮ್ಮ ಭಾವಮೈದನ ಕತೆ ಹೇಳುತ್ತೇನೆ, ಕೇಳಿ. ಅವನದು ಐದೂವರೆ ಅಡಿಗಿಂತ ಒಂದಿಂಚು ಕಮ್ಮಿ ಎತ್ತರ. ಚೆನ್ನಾಗಿ ಓಡಿಸುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಒಂದು ಸಲ ಮಳೆ ಬಿಟ್ಟ ಮೇಲೆ ಧರ್ಮಸ್ಥಳಕ್ಕೆ ಹೋಗೋಣ ಅಂತ ಹೊರಟೆವು. ಅವನು ಸ್ನೇಹಿತನ ಹತ್ತಿರ ಒಂದು ಎತ್ತರದ ಟೂರಿಂಗ್ ಗಾಡಿ ಕೇಳಿ ತಂದಿದ್ದ. ಯಾವ ಕಂಪನಿ ಅನ್ನೋದು ಬೇಡ, ತಪ್ಪು ಗಾಡೀದಲ್ಲ. ಹಿಂದೆ ಅವನ ಹೆಂಡತಿ, ಎರಡೂ ಪಕ್ಕಕ್ಕೆ ಪೆಟ್ಟಿಗೆ, ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ನೆಂಟರ ಮನೆಗೆ ಅಂತ ಕಾಫಿಪುಡಿ, ಕಿತ್ತಳೆಹಣ್ಣು. ನಾನು, ನನ್ನ ಹೆಂಡತಿ ನನ್ನ ಹಳೇ ಬುಲೆಟ್ಟಲ್ಲಿ ಹಿಂದೆ. ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಅಲ್ಲೇ ಗಮನಿಸಿದೆ, ಅವನು ಗಾಡಿ ನಿಲ್ಲಿಸುವಾಗ ಸೀಟಿನ ಒಂದು ಪಕ್ಕಕ್ಕೆ ಜಾರಿ ಬೆರಳ ತುದಿ ಊರುತ್ತಿದ್ದ. "ಕಾಲು ಸಿಗ್ತಾ ಇಲ್ವಲ್ಲೋ" ಅಂದೆ. "ಓಡ್ತಾ ಇರುವಾಗ ಕಾಲು ಯಾಕೆ ಭಾವ?" ಅಂದ.

ಚಾರ್ಮಾಡಿ ಇಳಿಯುತ್ತಾ ಇದ್ದೀವಿ. ಮಂಜು, ರಸ್ತೆ ಒದ್ದೆ. ಎಡಕ್ಕೆ ತಿರುಗೋ ಒಂದು ಹೇರ್‌ಪಿನ್ ತಿರುವಲ್ಲಿ ಕೆಳಗಿಂದ ಬಸ್ ಬಂತು, ಬಸ್ಸಿಗೆ ಇಡೀ ರಸ್ತೆ ಬೇಕು. ಇವನು ನಿಲ್ಲಿಸಲೇಬೇಕಾಯಿತು. ಈಗ ಗಮನ ಇಟ್ಟು ಕೇಳಿ. ಇಳಿಜಾರಲ್ಲಿ ನಿಂತರೆ ಬಲಗಾಲು ಬ್ರೇಕಿನ ಮೇಲೆ. ನೆಲಕ್ಕೆ ಬರೋದು ಎಡಗಾಲು ಒಂದೇ. ಎಡ ತಿರುವಲ್ಲಿ ರಸ್ತೆ ವಾಲಿರೋದೂ ಎಡಕ್ಕೇ. ಅಂದರೆ ಎಡಗಾಲ ಕೆಳಗಿನ ನೆಲ ಇನ್ನೂ ಎರಡಿಂಚು ಕೆಳಗೆ! ಮೇಲೆ ಚರಂಡಿ ಅಂಚಿನ ಪಾಚಿ ಬೇರೆ. ಅವನ ಕಾಲು ನೆಲ ಹುಡುಕಿತು, ಸಿಗಲಿಲ್ಲ. ಗಾಡಿ ನಿಧಾನವಾಗಿ, ಎಮ್ಮೆ ಮಲಗೋ ಹಾಗೆ, ಎಡಕ್ಕೆ ಮಲಗಿತು. 220 ಕಿಲೋ ಮೇಲಿನ ಗಾಡಿ, ಎರಡು ಜನ, ಸಾಮಾನು. ಒಂದು ಸಲ ವಾಲಿದರೆ ಯಾವ ಪೈಲ್ವಾನನೂ ಹಿಡಿಯಲಾರ.

ಅವನ ಹೆಂಡತಿ ಜಿಗಿದು ಬಚಾವಾದಳು. ಅವನ ಕಾಲು ಪೆಟ್ಟಿಗೆ ಅಡಿ ಸಿಕ್ಕಿಕೊಂಡಿತು, ಪೆಟ್ಟಿಗೆ ಇದ್ದಿದ್ದಕ್ಕೇ ಮೂಳೆ ಉಳಿಯಿತು. ಕಿತ್ತಳೆಹಣ್ಣು ಇಳಿಜಾರಲ್ಲಿ ಬಸ್ಸಿನ ಕೆಳಗೆ ಉರುಳಿಹೋದವು. ಬಸ್ಸಿನಿಂದ ಕಂಡಕ್ಟರು, ಇನ್ನಿಬ್ಬರು ಇಳಿದು ಬಂದರು. ಎಲ್ಲರೂ ಹ್ಯಾಂಡಲ್ ಹಿಡಿದು ಎಳೆಯೋಕೆ ಹೊರಟರು, ನಾನು ಬೇಡ ಅಂದೆ. ಇದನ್ನ ನೀವೂ ನೆನಪಿಟ್ಟುಕೊಳ್ಳಿ. ಮೊದಲು ಇಂಜಿನ್ ಆಫ್. ಗೇರಲ್ಲೇ ಇರಲಿ, ಗಾಡಿ ಉರುಳಬಾರದು. ಆಮೇಲೆ ಗಾಡಿಗೆ ಬೆನ್ನು ಕೊಟ್ಟು, ಸೀಟಿನ ಅಂಚಿಗೆ ಸೊಂಟ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಹಿಂದಿನ ಕಂಬಿ ಹಿಡಿದು, ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಹಿಂದಕ್ಕೆ ತಳ್ಳಬೇಕು. ಭಾರ ತೊಡೆ ಮೇಲೆ ಬೀಳಬೇಕು, ಬೆನ್ನಿನ ಮೇಲಲ್ಲ. ಎಡಕ್ಕೆ ಬಿದ್ದ ಗಾಡಿಯ ಸೈಡ್ ಸ್ಟ್ಯಾಂಡ್ ಅಡಿಯಲ್ಲೇ ಇರುತ್ತೆ, ಮೊದಲೇ ತೆಗೆದಿಡೋಕೆ ಆಗಲ್ಲ, ಅದಕ್ಕೆ ಬಲಗಡೆ ಒಬ್ಬರು ಹಿಡಿಯೋಕೆ ನಿಂತಿರಲಿ. ಹೀಗೇ ಎತ್ತಿದೆವು. ಕ್ಲಚ್ ಲಿವರಿನ ತುದಿ ಮುರಿದಿತ್ತು, ಅಷ್ಟೇ. ಆ ಕಂಡಕ್ಟರು ಕೈ ಒರೆಸಿಕೊಂಡು ಭಾವಮೈದನ ಮುಖ ನೋಡಿ, "ಕಾಲು ಸಿಗದ ಗಾಡಿ ಯಾಕೆ ತಂದ್ರಿ ಸ್ವಾಮಿ?" ಅಂದರು. ಬೈದು ಹೇಳಿದ್ದಲ್ಲ, ನಿಜವಾಗಿ ಅರ್ಥ ಆಗದೇ ಕೇಳಿದರು. ನಾನೂ ಅದನ್ನೇ ಕೇಳ್ತಾ ಇದ್ದೀನಿ, ಅವತ್ತಿಂದ ಇವತ್ತಿನವರೆಗೂ.

ಈಗ ಲೆಕ್ಕ ನೋಡಿ. 2023ರಲ್ಲಿ ಬಂದ ಸ್ಪೀಡ್ 400ರ ಸೀಟು ನೆಲದಿಂದ 790 ಮಿಲಿಮೀಟರ್, ಅಂದರೆ 31 ಇಂಚು. ಬಾನವಿಲ್ ಟಿ100, ಟಿ120 ಕೂಡ 790. ಸ್ಕ್ರ್ಯಾಂಬ್ಲರ್ 400 ಎಕ್ಸ್ 835, ಸುಮಾರು 33 ಇಂಚು. ಟೈಗರ್ 900 ರ‍್ಯಾಲಿ ಪ್ರೋ ಸೀಟನ್ನು ಕೆಳಗೆ ಇಟ್ಟರೆ 860, ಮೇಲೆ ಇಟ್ಟರೆ 880. ಅಂದರೆ ಹತ್ತಿರ ಹತ್ತಿರ 35 ಇಂಚು! ಟೈಲರ್ ಪ್ಯಾಂಟ್ ಹೊಲಿಯುವಾಗ ತೊಡೆಸಂದಿನಿಂದ ಪಾದದವರೆಗೆ ಟೇಪ್ ಹಿಡೀತಾನಲ್ಲ, ಆ ಅಳತೆಯನ್ನು ಇದರ ಪಕ್ಕ ಇಟ್ಟು ನೋಡಿ. ಗೋಡೆಗೆ ಬೆನ್ನು ಕೊಟ್ಟು ನಿಂತು ಮನೇಲೇ ಅಳೆಯಬಹುದು, ಎರಡು ನಿಮಿಷದ ಕೆಲಸ. ಎರಡು ಲಕ್ಷದ ಮೇಲೆ ದುಡ್ಡು ಸುರಿಯೋ ಮುಂಚೆ ಎರಡು ನಿಮಿಷ ಇಲ್ವಾ?

ತೂಕ ಜಾಸ್ತಿ ಅಂತ ಬಾನವಿಲ್‌ಗೆ ಹೆದರುತ್ತಾರೆ. ಟಿ120 236 ಕಿಲೋ ಇದೆ, ನಿಜ. ಆದರೆ ಭಾರ ಕೆಳಗಿದೆ, ಎರಡೂ ಪಾದ ನೆಲದಲ್ಲಿರುತ್ತೆ. ಭಾನುವಾರ ಮುಳ್ಳಯ್ಯನಗಿರಿ ರಸ್ತೆಗೆ ಹೋಗಿದ್ದೀರಾ? ಸಣ್ಣ ರಸ್ತೆ, ಮುಂದೆ ಕಾರುಗಳು ರಿವರ್ಸ್ ಹೊಡೀತಾ ಇರುತ್ತವೆ, ಹತ್ತು ಮಾರಿಗೊಮ್ಮೆ ಏರಲ್ಲಿ ನಿಲ್ಲಬೇಕು. ಅಲ್ಲಿ ಬೇಕಾಗೋದು ನೂರೈವತ್ತರ ಸ್ಪೀಡ್ ಅಲ್ಲ. ಕಾಲು ಬೇಕು.

ಎಳೆತದ ವಿಷಯ ಹೇಳಬೇಕಿತ್ತು, ಸಮಯ ಆಗ್ತಾ ಬಂತು, ಬೇಗ ಹೇಳಿಬಿಡ್ತೀನಿ. ಟಿ120 ತನ್ನ ಪೂರ್ತಿ ಎಳೆತ, 105 ನ್ಯೂಟನ್ ಮೀಟರ್, ಇಂಜಿನ್ ನಿಮಿಷಕ್ಕೆ 3,500 ಸುತ್ತು ತಿರುಗುವಾಗಲೇ ಕೊಡುತ್ತದೆ. ಸ್ಪೀಡ್ 400 ತನ್ನ 37.5 ಅನ್ನು ಕೊಡೋದು 6,500 ಸುತ್ತಿನಲ್ಲಿ. ಅದಕ್ಕೇ ಬುಲೆಟ್ ಅಭ್ಯಾಸದವರು ಮೇಲಿನ ಗೇರಲ್ಲಿ ಏರು ಹತ್ತಿಸೋಕೆ ಹೋಗಿ, ಎಳೀತಾ ಇಲ್ಲ ಅಂತ ನನ್ನ ಹತ್ತಿರ ಬರುತ್ತಾರೆ. ಒಂದು ಗೇರ್ ಇಳಿಸಿ ಸ್ವಾಮಿ, ಎಳೆಯುತ್ತದೆ. ಮೈಲೇಜ್ ಎಷ್ಟು ಅಂತ ದಯವಿಟ್ಟು ಕೇಳಬೇಡಿ, ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಉದ್ದ ಕಾಲಿನವರು, ದೂರ ಹೋಗೋರು ಧಾರಾಳವಾಗಿ ಟೈಗರ್ ತಗೊಳ್ಳಿ. ಬಿಸಿಲೆ ಕಡೆ ರಸ್ತೆ ಹಾಳಾದಾಗ ಅದರ ಮೇಲೆ ಕೂತವನೇ ಪುಣ್ಯವಂತ. ಆದರೆ ಶೋರೂಮಿಗೆ ಹೋಗುವಾಗ ಚಪ್ಪಲಿ ಬೇಡ, ದಿನಾ ಗಾಡಿ ಓಡಿಸೋ ಶೂ ಹಾಕಿಕೊಂಡು ಹೋಗಿ. ಮನೆಯವರನ್ನೂ ಕರೆದುಕೊಂಡು ಹೋಗಿ ಹಿಂದೆ ಕೂರಿಸಿ. ಶೋರೂಮಿನ ನುಣುಪು ಟೈಲ್ಸ್ ಮೇಲೆ ನೋಡಿದರೆ ಆಗಲಿಲ್ಲ, ಹೊರಗೆ ರಸ್ತೆ ಎಲ್ಲಿ ಎಡಕ್ಕೆ ವಾಲಿದೆಯೋ ಅಲ್ಲಿ ನಿಲ್ಲಿಸಿ, ಬಲಗಾಲು ಬ್ರೇಕಿನ ಮೇಲಿಟ್ಟು ಎಡಗಾಲು ಇಳಿಸಿ ನೋಡಿ. ಸೇಲ್ಸ್ ಹುಡುಗ ಅವಸರ ಮಾಡಿದರೆ ಮಾಡಲಿ, ಐದು ನಿಮಿಷ ಹಾಗೇ ಕೂತಿರಿ. ನಮಸ್ಕಾರ.